ಕೊನೆಯ ಟೇಪಿನವನು

“ಇನ್ನೂ ಎಷ್ಟು ಜನ ಸತ್ತವರಾಗಬೇಕು ನಾನು?”

ಗಿಳಿ ಕೇಳಿದ್ದು ಯಾರನ್ನೂ ಅಲ್ಲ. ನೆಲಮಾಳಿಗೆಯಲ್ಲಿ ಅವನಲ್ಲದೆ ಇದ್ದದ್ದು ಒಂದು ಡ್ರಮ್ ಸೆಟ್ಟು, ಒಂದು ಟೇಪ್ ರೆಕಾರ್ಡರು, ಮೆಟ್ಟಿಲಿಗೆ ಅಡ್ಡಲಾಗಿ ಇಳಿಬಿಟ್ಟ ಕಂಬಳಿಯ ಪರದೆ. ಕಿಟಕಿ ಇರಲಿಲ್ಲ. ಮೇಲಿನ ಲಾಂಡ್ರಿಯ ಬಿಸಿನೀರಿನ ಕೊಳವೆಗಳು ಗೋಡೆಯುದ್ದಕ್ಕೂ ಹಾದುಹೋಗಿದ್ದವು. ಹಗಲೆಲ್ಲ ಅವು ಸದ್ದು ಮಾಡುತ್ತಿದ್ದರೂ ಅವನ ಕಿವಿ ಎಂದೋ ಅದನ್ನು ಕೇಳುವುದು ಬಿಟ್ಟಿತ್ತು.

ಗಿಳಿ ಎಂಬುದು ಬ್ಯಾಂಡಿನವರು ಇಟ್ಟ ಹೆಸರು. ಯಾರು ಬಾರಿಸಿದ್ದನ್ನು ಕೇಳಿದರೂ ಚಾಚೂ ತಪ್ಪದೆ ಒಪ್ಪಿಸುವವನಿಗೆ ಇನ್ನೇನೆನ್ನುತ್ತಾರೆ? ಒಪ್ಪಿಸಲು ಕಲಿಸಿದವಳು ಸೋದರತ್ತೆ. ಊರಿಗೆಲ್ಲ ಒಂದೇ ಆದ ಜಾಜ್ ಬ್ಯಾಂಡಿನಲ್ಲಿ ಡ್ರಮ್ಮಿನ ಹಿಂದೆ ಕೂತವಳು. ಮಣಿಕಟ್ಟು ಕೈಕೊಟ್ಟ ಮೇಲೆ ಎದ್ದುಬಂದವಳು. ಯಾರು ಏನು ಬಾರಿಸಿದರೂ “ಸರಿಯಲ್ಲ” ಎನ್ನುವುದರಿಂದ ಬೆನ್ನ ಹಿಂದೆ ಅವಳು ಸರಿಯಲ್ಲಮ್ಮ.

ಈಗ ಆ ಜಾಗ ಮತ್ತೆ ಖಾಲಿಯಾಗಿತ್ತು. ಅವಳು ಹೂಂ ಅಂದವನೇ ಇವತ್ತು ಸಂಜೆ ಅಲ್ಲಿ ಕೂರುತ್ತಾನೆ ಎಂದು ಬ್ಯಾಂಡಿನ ನಾಯಕ ಹೇಳಿಬಿಟ್ಟಿದ್ದ. ಹೂಂ ಅನ್ನಿಸುವುದೇ ಕಷ್ಟ.

ಅತ್ತೆಯ ಪಾಠದ ಕ್ರಮ ಇದು. ಹಿಂದಿನ ದಿಗ್ಗಜನೊಬ್ಬನ ಒಂಟಿ ಡ್ರಮ್ ವಾದನದ ಟೇಪು ಕೊಡುವಳು. ಅದನ್ನು ಕೇಳಿ ಕೇಳಿ ಕಲಿತು, ಅವನು ತನ್ನ ವಾದನವನ್ನು ಅದೇ ಯಂತ್ರದಲ್ಲಿ ಟೇಪು ಮಾಡಬೇಕು. ಆಮೇಲೆ ಅವಳು ಪರದೆಯಾಚೆ ಮೆಟ್ಟಿಲ ಮೇಲೆ ಕೂತು ಎರಡನ್ನೂ ಕೇಳುವಳು. ಯಾವುದು ಯಾರದೆಂದು ಗೊತ್ತಾಗದಿದ್ದರೆ ಆ ದಿಗ್ಗಜ ಮುಗಿದ, ಮುಂದಿನವನು ಬಂದ.

ತಂತಿ ಬ್ರಷ್ಷಿನಲ್ಲಿ ಪಿಸುಗುಟ್ಟುವವನು ಮುಗಿದ. ಸಿಂಬಲ್ಲಿನ ಕಂಚಿನ ತಟ್ಟೆಯ ಮೇಲೆ ಕುದುರೆ ಓಡಿಸುವವನು ಮುಗಿದ. ಎಡಗೈಯಲ್ಲಿ ಜಗಳ ತೆಗೆದು ಬಲಗೈಯಲ್ಲಿ ರಾಜಿ ಮಾಡುವವನೂ ಮುಗಿದ. ಒಬ್ಬೊಬ್ಬರನ್ನೂ ಅಂಗಿಯಂತೆ ತೊಟ್ಟು ಕಳಚಿದ ಗಿಳಿ ಕೊನೆಯವನಲ್ಲಿ ಬಂದು ಸಿಕ್ಕಿಕೊಂಡ.

ಆ ಟೇಪಿನ ಮೇಲೆ ಹೆಸರೇ ಇರಲಿಲ್ಲ.

“ಯಾರತ್ತೆ ಇವನು?” ಎಂದು ಅವನು ಮೊದಲ ದಿನವೇ ಕೇಳಿದ್ದ.

“ಹೆಸರು ತಗೊಂಡು ಉಪ್ಪಿನಕಾಯಿ ಹಾಕ್ತೀಯಾ? ಕಲಿ.”

“ಬದುಕಿದ್ದಾನಾ?”

“ನನಗೂ ಅದೇ ಅನುಮಾನ. ಮೊದಲು ಇಲ್ಲೇ ಎಲ್ಲೋ ಇದ್ದ. ಈಚೆಗೆ ಕಾಣಿಸ್ತಿಲ್ಲ.”

ಮಹಾ ಕೈಯೇನೂ ಅಲ್ಲ ಅದು. ಅಲ್ಲಲ್ಲಿ ತಾಳ ಜೋಲುತ್ತಿತ್ತು. ಆದರೂ ಬಾಯಿಪಾಠದ ಪದ್ಯವನ್ನು ನಡುವೆಯೇ ಮರೆತು, ತನ್ನ ಪಾಡಿಗೆ ತಾನು ಮಾತಾಡಿಕೊಳ್ಳತೊಡಗಿದವನ ನಿರಾಳ ಅದರಲ್ಲಿತ್ತು. ಒಂದು ಸಾಲು ಮುಗಿದು, ತಾಳವೂ ದಾಟಿದ ಮೇಲೆ, ಎಲ್ಲಿಂದಲೋ ಒಂದು ಸಣ್ಣ ‘ಟಕ್’ ಬರುತ್ತಿತ್ತು. ಗಿಳಿ ಆ ಟಕ್ಕಿಗೆ ಮರುಳಾಗಿದ್ದ. ಡ್ರಮ್ಮಿನ ಅಂಚಿಗೆ ಕೋಲಿನ ಹಿಂಬದಿ ತಾಗಿಸಿ ತಾಗಿಸಿ, ಬೆರಳ ಸಂದು ಸುಲಿದುಕೊಂಡು, ಅದನ್ನು ಕಲಿತಿದ್ದ.

ಆದರೂ ಪ್ರತಿ ಸಲ ಪರದೆಯಾಚೆಯಿಂದ ತಪ್ಪದೆ ಬರುತ್ತಿದ್ದ ತೀರ್ಪು ಒಂದೇ: “ಎರಡನೇದು ಗಿಳಿಪಾಠ. ಸರಿಯಲ್ಲ.” ಹಿಂದುಮುಂದು ಮಾಡಿ ಹಾಕಿದರೆ, “ಮೊದಲನೇದು.”

ದಿಗ್ಗಜರ ಮುಂದೆಲ್ಲ ಏಮಾರಿದ ಕಿವಿ ಈ ಅನಾಮಧೇಯನ ಮುಂದೆ ಮಾತ್ರ ಹೇಗೆ ಏಮಾರುವುದಿಲ್ಲ? ಯೋಚಿಸಿದಷ್ಟೂ ಗಿಳಿಗೆ ಒಂದೇ ಉತ್ತರ ಹೊಳೆಯುತ್ತಿತ್ತು. ಎಲ್ಲಿಂದಲೋ ಕದ್ದು ನೋಡಿ ಹೇಳುತ್ತಾಳೆ. ತಾನು ಎದ್ದ ಜಾಗದಲ್ಲಿ ಇನ್ನೊಬ್ಬ ಕೂರುವುದು ಅವಳಿಗೆ ಬೇಡ. ಬೀಗವಿಲ್ಲದ ಈ ಸೆರೆಮನೆಗೆ ಅವಳೇ ಕಾವಲು.

ಇವತ್ತು ಅವನು ಒಂದು ಬಲೆ ಹೆಣೆದಿದ್ದ.

ಮೆಟ್ಟಿಲು ಕಿರುಗುಟ್ಟಿತು. ಪರದೆಯಾಚೆ ಹೆಣಿಗೆಯ ಕಡ್ಡಿಗಳು ಆಡತೊಡಗಿದವು.

“ಬೇಗ ಹಾಕೋ. ನಾಯಕ ಕಾಯ್ತಿದ್ದಾನೆ.”

ಗಿಳಿ ಹೆಸರಿಲ್ಲದವನ ಟೇಪು ಹಾಕಿದ. ಮುಗಿಯಿತು. ಹಿಂದಕ್ಕೆ ಸುತ್ತಿ, ಅದನ್ನೇ ಮತ್ತೆ ಹಾಕಿದ. ತನ್ನ ಟೇಪು ಜೇಬಿನಲ್ಲೇ ಇತ್ತು.

ಕಡ್ಡಿಗಳು ನಿಂತವು.

“ಎರಡೂ ನೀನೇ,” ಎಂದಳು ಅತ್ತೆ.

ಗಿಳಿ ಪರದೆಯನ್ನು ಸರ್ರನೆ ಎಳೆದ. “ಸಿಕ್ಕಿಬಿದ್ರಿ ಅತ್ತೆ! ಎರಡು ಸಲಾನೂ ಹಾಕಿದ್ದು ಅವನ ಟೇಪೇ. ನಂದು ಇಲ್ಲಿದೆ ನೋಡಿ, ಜೇಬಲ್ಲಿ! ಟೇಪು ಬದಲಿಸ್ಲಿಲ್ಲ ಅಂತ ಕದ್ದು ನೋಡಿ, ಎರಡೂ ನಂದೇ ಅಂದ್ಬಿಟ್ರಿ! ಹೀಗೇ ಹೇಳ್ಕೊಂಡು ಇಷ್ಟು ದಿನ ನನ್ನ ಇಲ್ಲಿ ಕೂಡಿಹಾಕಿದ್ರಲ್ಲ!”

“ಇನ್ನೂ ಏನಾದ್ರೂ ಇದ್ರೆ ಅಂದು ಮುಗಿಸು.”

ಅತ್ತೆ ಉಣ್ಣೆಯ ಉಂಡೆಯನ್ನು ಮೆಲ್ಲಗೆ ಸುತ್ತಿಕೊಂಡಳು.

“ಒಂದಿನ ನಾನು ಬರೋದು ತಡವಾಗಿತ್ತು. ರಿಪೇರಿಗೆ ಕೊಟ್ಟಿದ್ದ ಈ ರೆಕಾರ್ಡರ್ ತಗೊಂಡು ಇಳೀತಿದ್ದೆ. ನೀನು ಬೇಜಾರಿಗೆ ಏನೋ ಬಾರಿಸ್ತಾ ಕೂತಿದ್ದೆ, ಯಾರನ್ನೂ ನೆನೆಸ್ಕೊಳ್ದೆ. ಈ ಮೆಟ್ಟಿಲ ಮೇಲೇ ನಿಂತು ಟೇಪ್ ಮಾಡ್ಕೊಂಡೆ. ಆ ಟಕ್ ಇದೆಯಲ್ಲ, ಅದು ಲಾಂಡ್ರಿ ಕೊಳವೆ ಕಣೋ, ಪೆದ್ದಾ.”

ಗಿಳಿ ತನ್ನ ಎರಡೂ ಕೈಗಳನ್ನು ಯಾರೋ ಮರೆತುಹೋದ ಸಾಮಾನಿನಂತೆ ನೋಡಿದ.

“ಏಳು, ಹೊರಡು. ಜಾಗ ನಿಂದು. ನನಗೆ ಬೇಕಾಗಿದ್ದು ಈ ಟೇಪಿನೋನು. ನಾಯಕನಿಗೂ ಅವನೇ ಬರ್ತಾನೆ ಅಂತ ಹೇಳಿದೀನಿ.”

ಬಾಗಿಲು ತೆರೆದೇ ಇತ್ತು. ಗಿಳಿ ಏಳಲಿಲ್ಲ.

“ಅತ್ತೆ, ಆ ಟೇಪು ಸಂಜೆವರೆಗೂ ನನ್ನ ಹತ್ರ ಇರ್ಲಿ. ಇನ್ನೊಂದ್ಸಲ ಕೇಳಿ, ಸರಿಯಾಗಿ ಅವನ ಹಾಗೇ ಕಲ್ತುಕೊಂಡು ಹೋಗ್ತೀನಿ.”

ಅತ್ತೆ ಯಂತ್ರದಿಂದ ಟೇಪನ್ನು ತೆಗೆದು ಹೆಣಿಗೆಯ ಚೀಲಕ್ಕೆ ಹಾಕಿಕೊಂಡಳು.

“ಕೊಡಲ್ಲ.”