ಅಜ್ಜಿಗೆ ಕೆಮ್ಮು ಕಲಿಸಿದವಳು

ಹಿಂದಿನಿಂದ ಒದ್ದೆ ಬಟ್ಟೆಯೊಂದು ಬಂದು ಮೂಗು, ಬಾಯಿ, ಕೆನ್ನೆ ಎಲ್ಲವನ್ನೂ ಒಂದೇ ಏಟಿಗೆ ಒರೆಸಿಕೊಂಡು ಹೋಯಿತು. ಅಜ್ಜಿ ಬೆಚ್ಚಿಬಿದ್ದು, ಕೂತಿದ್ದ ಪುಟ್ಟ ಸ್ಟೂಲಿನಿಂದ ಅರ್ಧ ಎದ್ದೇಬಿಟ್ಟಳು. ತಿರುಗಿ ನೋಡಿದರೆ ಟೀಚರ್. ಅಜ್ಜಿಯ ಕೊನೆಯ ಮಗಳ ವಯಸ್ಸಿನ ಹುಡುಗಿ.

“ಏನಮ್ಮ ಇದು? ವಯಸ್ಸಿಗೆ ಒಂದು ಮರ್ಯಾದೆ ಬೇಡ್ವಾ?”

“ತಪ್ಪಾಯ್ತು, ಕ್ಷಮಿಸಿ ಅಮ್ಮ. ಬಟ್ಟೆ ಒಗೆದದ್ದೇ, ಬಿಸಿನೀರಲ್ಲಿ ಅದ್ದಿದ್ದು,” ಎಂದಳು ಟೀಚರ್ ಮೆಲ್ಲಗೆ. “ಹೇಗನ್ನಿಸ್ತು, ಅದನ್ನ ಹೇಳಿ.”

“ಹೇಗನ್ನಿಸೋದು? ಜೀವ ಬಾಯಿಗೆ ಬಂತು.”

“ಈಗ ತಾನೇ ನೀವು ಆ ಮಗು ಮೂಗು ಒರೆಸಿದ್ದೂ ಹೀಗೇ. ಅದಕ್ಕೆ ನಿಮ್ಮ ಹಾಗೆ ಬೈಯೋಕೆ ಬರಲ್ಲ ನೋಡಿ, ಅತ್ತುಬಿಡ್ತು.”

ಅಜ್ಜಿ ಮೂಲೆಯಲ್ಲಿ ಇನ್ನೂ ಬಿಕ್ಕುತ್ತಿದ್ದ ಆ ಮಗುವಿನ ಕಡೆ ತಿರುಗಿದಳು. ಅಜ್ಜಿಗೆ ಎದುರಾಡುವುದೆಂದರೆ ಸಾಮಾನ್ಯದ ಮಾತಲ್ಲ. ಪುಟ್ಟ ಮಕ್ಕಳನ್ನು ನೋಡಿಕೊಳ್ಳುವುದನ್ನು ಕಲಿಸುವ ಆ ಆರು ವಾರದ ತರಗತಿಯಲ್ಲಿ ಉಳಿದ ಹುಡುಗಿಯರು ಅವಳಿಗೆ ‘ಹೈಕೋರ್ಟ್’ ಎಂದು ಹೆಸರಿಟ್ಟಿದ್ದರು. ಮಕ್ಕಳ ವಿಷಯದಲ್ಲಿ ಅವಳು ಆಡಿದ ಮೇಲೆ ಮುಗಿಯಿತು, ಅಪೀಲಿಲ್ಲ. ನಾಲ್ಕು ಹೆತ್ತು ನಾಲ್ಕನ್ನೂ ದಡ ಮುಟ್ಟಿಸಿದವಳು. ಮೊದಲ ದಿನವೇ, “ಅಜ್ಜಿಗೇ ಕೆಮ್ಮು ಕಲಿಸ್ತೀರೇನ್ರಮ್ಮ?” ಎಂದು ಕೇಳಿ ಎಲ್ಲರನ್ನೂ ನಗಿಸಿದ್ದಳು.

ಹಾಗಾದರೆ ಬಂದದ್ದು ಯಾಕೆ? ಮೊಮ್ಮಗನಿಗಾಗಿ. ಹನ್ನೊಂದು ತಿಂಗಳ ಆ ಪೋರ ಅಜ್ಜಿಯನ್ನು ಕಂಡರೆ ಅಮ್ಮನ ಹೆಗಲಲ್ಲಿ ಮುಖ ಹುದುಗಿಸುತ್ತಿದ್ದ. ಬಾಚಿ ಎತ್ತಿಕೊಂಡರೆ ಬೀದಿಯ ಕೊನೆಗೂ ಕೇಳುವ ಹಾಗೆ ಕಿರುಚುತ್ತಿದ್ದ. ಮಗಳ ರಜೆ ಮುಗಿಯುತ್ತ ಬಂದಿತ್ತು. “ನಿನ್ನ ಹತ್ರ ಹೀಗೆ ಅತ್ರೆ ಹೇಗಮ್ಮ ಬಿಟ್ಟು ಹೋಗ್ಲಿ? ಕೆಲಸಾನೇ ಬಿಟ್ಬಿಡ್ತೀನಿ,” ಎಂದಿದ್ದಳು. ಆ ಕೆಲಸಕ್ಕಾಗಿ ಮಗಳು ಎಷ್ಟು ವರ್ಷ ನಿದ್ದೆಗೆಟ್ಟು ಓದಿದ್ದಳೆಂದು ಅಜ್ಜಿಗೆ ಗೊತ್ತು. ತನ್ನಿಂದ ಅದು ಕೈತಪ್ಪಬಾರದೆಂದು ಈ ತರಗತಿಗೆ ಹೆಸರು ಬರೆಸಿದ್ದಳು.

ಟೀಚರ್ ಇನ್ನೊಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

“ಮುಂದಿನಿಂದ ಹೋಗಿ, ಮೊದಲು ಮಗು ಕಣ್ಣಿಗೆ ಬೀಳಿ. ಏನು ಮಾಡ್ತೀರಿ ಅಂತ ಹೇಳಿ. ಹೇಳಿ ಸ್ವಲ್ಪ ಕಾಯಿರಿ.”

“ಮಾತೇ ಬರದ ಕೂಸಿಗೆ ಹೇಳಿ ಏನು ಪ್ರಯೋಜನ?”

“ಮಾತು ಬರಲ್ಲ, ಉತ್ತರ ಬರುತ್ತೆ. ಕೈ ಚಾಚುತ್ತೆ, ಇಲ್ಲ ಮುಖ ತಿರುಗಿಸುತ್ತೆ.”

“ತಿರುಗಿಸಿದ್ರೆ?”

“ಎತ್ತಲೇಬೇಕಾದ ಹೊತ್ತಾದ್ರೆ ಹೇಳಿ ಎತ್ತಿ. ಬರೀ ಮುದ್ದಿಗೆ ಅಂತಾದ್ರೆ ಬಿಟ್ಬಿಡಿ.”

ಭಾನುವಾರ ಬೆಳಗ್ಗೆ ಅಜ್ಜಿ ಮಗಳ ಮನೆಗೆ ಹೋದಾಗ ಮೊಮ್ಮಗ ನಡುಮನೆಯ ಚಾಪೆಯ ಮೇಲೆ ಕೂತು ಬಾಳೆಹಣ್ಣನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ಬಳಿದುಕೊಳ್ಳುತ್ತಿದ್ದ. ಮೊದಲಾಗಿದ್ದರೆ ಚಪ್ಪಲಿ ಬಿಡುವ ಮುಂಚೆಯೇ ಬಾಚಿಕೊಳ್ಳುತ್ತಿದ್ದಳು. ಇಂದು ಎರಡು ಮಾರು ದೂರದಲ್ಲಿ, ಅವನಿಗೆ ಕಾಣುವ ಹಾಗೆ, ನೋಯುವ ಮಂಡಿ ಮಡಚಿ ನೆಲಕ್ಕೆ ಕೂತಳು. ಮಗಳು ಅಡಿಗೆಮನೆಯ ಬಾಗಿಲಿಗೆ ಬಂದಿದ್ದಳು, ಅತ್ತರೆ ಓಡಿ ಬರಲು ಸಿದ್ಧಳಾಗಿ.

“ಪುಟ್ಟಾ, ಅಜ್ಜಿ ಬಂದಿದೀನಿ. ಎತ್ಕೊಳ್ಳಲಾ?”

ಎರಡೂ ಕೈ ಮುಂದೆ ಚಾಚಿ ಕಾದಳು. ಕಾಯುವುದು ಇಷ್ಟು ಕಷ್ಟವೆಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ. ಹುಡುಗ ಆ ಕೈಗಳನ್ನು ನೋಡಿದ, ಅಜ್ಜಿಯ ಮುಖ ನೋಡಿದ. ಆಮೇಲೆ ಚಮಚ ಎತ್ತಿಕೊಂಡು ಪೂರ್ತಿ ಆ ಕಡೆ ತಿರುಗಿ ಕೂತುಬಿಟ್ಟ. ಅಜ್ಜಿ ಕೈಗಳನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು.

“ಆಗ್ಲಿ ಕಂದ. ಇವತ್ತು ಬೇಡ.”

ಅವನು ಅಳಲಿಲ್ಲ. ಚಮಚದಿಂದ ನೆಲ ಕುಟ್ಟುತ್ತ, ಈ ಮುದುಕಿ ಇನ್ನೂ ಅಲ್ಲೇ ಇದ್ದಾಳೋ ಎಂದು ಎರಡು ಸಲ ಹೊರಳಿ ನೋಡಿದ. ಅಷ್ಟೇ. ಅಜ್ಜಿಗೆ ಅಷ್ಟೇ ಬೆಟ್ಟದಷ್ಟಾಯಿತು. ತನ್ನ ಎದುರು ಈ ಮಗು ಹೆದರದೆ ಕೂತದ್ದು ಇದೇ ಮೊದಲು. ಆ ಟೀಚರ್ ಹುಡುಗಿಯ ಹೊಟ್ಟೆ ತಣ್ಣಗಿರಲಿ ಎಂದು ಮನಸಾರೆ ಹರಸಿದಳು.

ಮಗಳು ಬಂದು ಪಕ್ಕದಲ್ಲಿ ಕೂತಳು.

“ಆಫೀಸಿಗೆ ಫೋನ್ ಮಾಡ್ತೀನಮ್ಮ. ಮುಂದಿನ ತಿಂಗಳಿಂದ ಬರ್ತೀನಿ ಅಂತ.”

“ಅವನು ನನ್ನ ಹತ್ರ ಬರಲೇ ಇಲ್ವಲ್ಲೇ?”

“ಬರಲಿಲ್ಲ. ಆದ್ರೆ ಬೇಡ ಅಂದಾಗ ನೀನು ಬಿಟ್ಟೆಯಲ್ಲ.”

ಮಗಳ ಕೆನ್ನೆಯ ಮೇಲೆ, ಕಿವಿಯ ಹತ್ತಿರ, ಹುಡುಗ ಮೆತ್ತಿದ ಬಾಳೆಹಣ್ಣು ಒಣಗಲು ಶುರುವಾಗಿತ್ತು. ಅಜ್ಜಿಯ ಕೈ ತಾನಾಗಿಯೇ ಮೇಲೆದ್ದು ಅರ್ಧ ದಾರಿಯಲ್ಲಿ ನಿಂತಿತು.

“ಕೆನ್ನೆಗೆ ಹಣ್ಣು ಮೆತ್ತಿದೆ ಕಣೇ. ಒರೆಸಲಾ?”

ಮಗಳು ಅಮ್ಮನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ, ಮೂವತ್ತೆರಡು ವರ್ಷದ ಆ ಹೆಂಗಸು ಕಣ್ಣು ಮುಚ್ಚಿ ಕೆನ್ನೆಯನ್ನು ಮುಂದೆ ಚಾಚಿದಳು.