ವರಪರೀಕ್ಷೆ

ಯುವಕ ಸಂಘದ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಗಾಯಾಳುವಾಗಲು ಯಾರೂ ಒಪ್ಪದೆ, ಕೊನೆಗೆ ಗುರುಶಾಂತನೇ ಮಲಗಿದ. ಗೆಳೆಯರು ಕೈಕಾಲಿಗೆಲ್ಲ ಬ್ಯಾಂಡೇಜು ಸುತ್ತಿ, ದವಡೆಯನ್ನೂ ಬಿಗಿದರು. ಬಿದಿರು, ಕಂಬಳಿಯಿಂದ ತಾವೇ ಮಾಡಿದ ಸ್ಟ್ರೆಚರಿನಲ್ಲಿ ಅವನನ್ನು ರಸ್ತೆಗೆ ಹೊತ್ತು ತಂದಾಗ ಜೀಪೊಂದು ಬಂದು ನಿಂತಿತು. ಗುರುಶಾಂತ ಕತ್ತೆತ್ತಿ ನೋಡಿದ. ಸಂಜೆ ತನ್ನನ್ನು ನೋಡಲು ಬರಬೇಕಿದ್ದ ಹೆಣ್ಣಿನವರು ಈಗಲೇ ಬಂದಿದ್ದರು!

“ಏನಾಯ್ತಪ್ಪ?” ಎಂದರು ಹುಡುಗಿಯ ತಂದೆ.

ತರಬೇತಿಯ ಪರೀಕ್ಷೆ ಮಾಡಲು ಅಧಿಕಾರಿಗಳು ಬಂದರೆಂದುಕೊಂಡ ಗೆಳೆಯನೊಬ್ಬ ಪಾಠ ಒಪ್ಪಿಸಿದ: “ಹೆಸರು ಗುರುಶಾಂತ ಸಾರ್! ಮರದಿಂದ ಬಿದ್ದವ್ನೆ. ಕೈ, ಕಾಲು, ದವಡೆ, ಎಲ್ಲಾ ಮುರಿದೈತೆ!”

ಸುಳ್ಳೆನ್ನಲು ಗುರುಶಾಂತ ಒದ್ದಾಡಿದ. ಬಾಯಿ ತೆರೆಯಲಾಗಲಿಲ್ಲ.

“ಗಾಡಿ ತಿರುಗಿಸು,” ಎಂದರು ತಂದೆ ಡ್ರೈವರಿಗೆ.

ಹುಡುಗಿ ಕೆಳಗಿಳಿದು ಅವನನ್ನೇ ನೋಡಿ, ತಂದೆಗೆ ಹೇಳಿದಳು: “ಒಪ್ಕಂಡ್ಬಿಡಪ್ಪ. ಇಷ್ಟೆಲ್ಲಾ ಮುರಿದ್ರೂ ತುಟಿ ಪಿಟಕ್ಕನ್ನದ ಗಂಡು ಇನ್ನೆಲ್ಲಿ ಸಿಕ್ತಾನೆ?”