ಸಿ ಮೆಕ್ಕಿ ಬರೆದ ಅರ್ಜಿ

"ಆ ಹೆಂಗಸಿನ ಬಾಯಿ ಮುಚ್ಚಿಸ್ತೀಯೋ ಇಲ್ವೋ?" ಸಿ ಮೆಕ್ಕಿ ಟೈಪ್‌ರೈಟರಿನ ಹಿಂದಿನಿಂದ ಅರಚಿದ.

"ಇಡೀ ಊರು ಅವಳ ಹಾಡು ಕೇಳಿ ಕಣ್ಣೀರು ಹಾಕ್ತಿದೆ. ನೀವೊಬ್ರು ಬೈತೀರಿ," ಎಂದ ಕ್ಯಾಸೆಟ್ ಅಂಗಡಿಯ ಟಿಬಾರಿ, ಹಲ್ಲು ಕಿರಿದು ಹಾಡಿನ ದನಿ ಇನ್ನಷ್ಟು ಏರಿಸಿದ.

ಮೆಕ್ನೆಸ್ ಪಟ್ಟಣದ ನಗರಸಭೆಯೆದುರು ಕೊಡೆ ನೆಟ್ಟು, ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡುವುದು, ಊರವರು ‘ಸಿ’ ಅಂದರೆ ‘ಸಾಹೇಬ’ ಎಂದು ಕರೆಯುವ ಮೆಕ್ಕಿಯ ಕಸುಬು. ಅವನ ಪ್ರಕಾರ ಅದು ಕಸುಬಲ್ಲ, ಸಾಹಿತ್ಯ. ಸಾಹಿತ್ಯಕ್ಕೆ ಏಕಾಗ್ರತೆ ಬೇಕು. ಗಿರಾಕಿ ಪಕ್ಕದಲ್ಲಿ ಕೂತು ಗೋಳು ಹೇಳಿಕೊಳ್ಳಬೇಕು, ಮೆಕ್ಕಿ ಕಣ್ಣು ಮುಚ್ಚಬೇಕು, ಕಿವಿಗೆ ಬಿದ್ದದ್ದು ಬೆರಳಿಗೆ ಇಳಿಯಬೇಕು. ಬರೆದದ್ದನ್ನು ಅವನು ತಿರುಗಿ ಓದುತ್ತಿರಲಿಲ್ಲ. ಅದೆಲ್ಲ ಕಲಿಯುವವರ ಕೆಲಸವಂತೆ.

ಫಲವಂತೂ ಕಣ್ಣೆದುರಿಗಿತ್ತು. ವಿಧವೆ ಲಲ್ಲಾ ಟಾಮೂ ಒಡೆದ ನಲ್ಲಿಯ ಬಗ್ಗೆ ಅರ್ಜಿ ಕೊಟ್ಟಳು. ನೀರಿನ ಕಚೇರಿಯ ಗುಮಾಸ್ತ ತಾನೇ ಮನೆಗೆ ಬಂದು ನಲ್ಲಿ ಹಾಕಿಸಿದ. ಮರುವಾರ ಖರ್ಜೂರದ ಬುಟ್ಟಿ ಹಿಡಿದು ಮತ್ತೆ ಬಂದ.

"ಅದೇನು ಬರೆದ್ಯೋ ಮಾರಾಯಾ? ಮದುವೆ ಆಗ್ತೀಯಾ ಅಂತ ಕೇಳ್ತಿದಾನೆ!" ಎಂದು ಟಾಮೂ ಓಡಿ ಬಂದಳು.

"ಶೈಲಿ, ಲಲ್ಲಾ, ಶೈಲಿ! ಈ ಗಲಾಟೇಲೇ ಇಷ್ಟು. ಸದ್ದಿಲ್ದೇ ಇದ್ದಿದ್ರೆ ನಿನಗೆ ನಗರಾಧ್ಯಕ್ಷನ್ನೇ ತಂದುಕೊಡ್ತಿದ್ದೆ."

ಆ ತಿಂಗಳು ಟಿಬಾರಿಯ ಅಂಗಡಿಯ ಗುತ್ತಿಗೆ ಮುಗಿಯುವುದಿತ್ತು. ಅಂಗಡಿ ನಗರಸಭೆಯದು. ಮೆಕ್ಕಿ ಚೌಕದ ಮಂದಿಯೆದುರು ಆಣೆ ಇಟ್ಟ: "ಒಂದೋ ಇವನಿರ್ಬೇಕು, ಇಲ್ಲಾ ನಾನು. ಇವನ ಗುತ್ತಿಗೆ ರದ್ದು ಮಾಡ್ಸಿಲ್ಲ ಅಂದ್ರೆ ಇನ್ನು ಟೈಪ್‌ರೈಟರ್ ಮುಟ್ಟಲ್ಲ!"

ಟಿಬಾರಿಯ ನಗು ನಿಂತಿತು. ಮೆಕ್ಕಿಯ ಅರ್ಜಿ ಇಲ್ಲಿಯವರೆಗೆ ಒಂದೂ ತಿರಸ್ಕೃತವಾಗಿರಲಿಲ್ಲ.

ಗಿರಾಕಿಗಳನ್ನೆಲ್ಲ ಕಳಿಸಿ, ಮೆಕ್ಕಿ ಒಬ್ಬನೇ ಕೂತು ಕಣ್ಣು ಮುಚ್ಚಿದ. ಟಿಬಾರಿ ಹೊಟ್ಟೆಯುರಿಗೆ ಅದೇ ಹಾಡನ್ನು ಪೂರ್ತಿ ದನಿಯಲ್ಲಿ ಹಚ್ಚಿದ. ಆದರೂ ಮೆಕ್ಕಿಯ ಬೆರಳು ಎಂದೂ ಇಷ್ಟು ಸರಾಗವಾಗಿ ಓಡಿರಲಿಲ್ಲ. ಭರ್ತಿ ಎರಡು ಪುಟ! ಸಿಟ್ಟಿಗೆ ಎಂಥ ಶಕ್ತಿಯಿದೆ ಎಂದು ತನ್ನನ್ನೇ ಮೆಚ್ಚಿಕೊಂಡು ಲಕೋಟೆ ಅಂಟಿಸಿದ.

ಹದಿನೈದು ದಿನಕ್ಕೆ ನಗರಸಭೆಯ ಗುಮಾಸ್ತ ಜಿಲಾಲಿ ಇಬ್ಬರು ಹಮಾಲಿಗಳನ್ನು ಕರೆದುಕೊಂಡು ಬಂದ. ಚೌಕದಲ್ಲಿ ಜನ ನೆರೆದರು. ಟಿಬಾರಿ ಸರಕನ್ನೆಲ್ಲ ಪೆಟ್ಟಿಗೆಗೆ ತುಂಬಿಯಾಗಿತ್ತು. ಒಂದು ಕ್ಯಾಸೆಟ್ ಮಾತ್ರ ಯಂತ್ರದಲ್ಲಿ ಮೆಲ್ಲಗೆ ಹಾಡುತ್ತಿತ್ತು. ಹದಿನೆಂಟು ವರ್ಷದ ಅಂಗಡಿ. ಅವನ ಕಣ್ಣು ತುಂಬಿದ್ದು ನೋಡಿ ಮೆಕ್ಕಿಗೆ ಒಂದು ಗಳಿಗೆ ಪಾಪ ಅನ್ನಿಸಿತು. ಒಂದೇ ಗಳಿಗೆ.

"ನೀವು ಕೇಳಿದ್ದೆಲ್ಲಾ ಮಂಜೂರಾಗಿದೆ, ಸಿ ಮೆಕ್ಕಿ," ಎಂದ ಜಿಲಾಲಿ. ಮಡಿಸಿದ ಅರ್ಜಿಯನ್ನು ಎದೆಗೆ ಒತ್ತಿ ಹಿಡಿದಿದ್ದ.

"ಗೊತ್ತಿತ್ತು. ಎತ್ತಿಸಿ ಮತ್ತೆ, ತಡ ಯಾಕೆ?"

ಹಮಾಲಿಗಳು ಮೆಕ್ಕಿಯ ಮೇಜನ್ನು ಟೈಪ್‌ರೈಟರ್ ಸಮೇತ ಎತ್ತಿ ಟಿಬಾರಿಯ ಅಂಗಡಿಯೊಳಗೆ ಇಟ್ಟರು.

"ಅಂಗಡಿಯ ಗುತ್ತಿಗೆ ಇಬ್ರ ಹೆಸರಿಗೂ ಆಗಿದೆ. ಇನ್ನು ಹತ್ತು ವರ್ಷ ನಿಮ್ಮಿಬ್ರನ್ನ ಯಾರೂ ಅಗಲಿಸಲ್ಲ," ಎಂದು ಜಿಲಾಲಿ ಮೆಕ್ಕಿಯ ಕೈ ಹಿಡಿದುಕೊಂಡು ಅರ್ಜಿ ಬಿಚ್ಚಿದ. "ಎಷ್ಟು ಚೆನ್ನಾಗಿ ಬರೆದಿದೀರಿ! ‘ಮಾನ್ಯರೇ, ಟಿಬಾರಿಯ ಅಂಗಡಿ... ನಿನ್ನ ದನಿಯಿಲ್ಲದೆ ನನಗೆ ಬೆಳಗಾಗದು, ನಿನ್ನ ಬಾಗಿಲೊಳಗೆ ನನ್ನನ್ನು ಕರೆದುಕೋ...’"

ಮುಂದಿನ ಸಾಲನ್ನು ಅವನು ಓದುವ ಮೊದಲೇ, ಅದನ್ನೇ ಅಂಗಡಿಯೊಳಗಿನ ಕ್ಯಾಸೆಟ್ಟಿನಿಂದ ಆ ಹೆಂಗಸು ಹಾಡಿದಳು.